ಮಕ್ಕಳು ಬರೆದ ಕೋಡನ್ನು ಯಾರ ಮನೆಯಲ್ಲಿಡೋಣ?

ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಯ ಮಕ್ಕಳು ಪ್ರೋಗ್ರಾಂ ಬರೆಯುತ್ತಾರೆ ಅಂದರೆ ಕೆಲವರು ಈಗಲೂ "ಹೌದಾ?" ಅನ್ನುತ್ತಾರೆ. ಹೌದು ಸ್ವಾಮಿ, ಬರೆಯುತ್ತಾರೆ. 2018ರಿಂದ ಕೇರಳದ ಹೈಸ್ಕೂಲುಗಳಲ್ಲಿ ಲಿಟ್ಲ್ ಕೈಟ್ಸ್ ಘಟಕಗಳಿವೆ. 8ರಿಂದ 10ನೇ ತರಗತಿಯ ಮಕ್ಕಳು ಅಲ್ಲಿ ಅನಿಮೇಶನ್, ಪ್ರೋಗ್ರಾಮಿಂಗ್, ರೋಬೋಟಿಕ್ಸ್ ಕಲಿಯುತ್ತಾರೆ. ಕನ್ನಡದ ಮಕ್ಕಳಿಗೆ ಹೊಳೆಯುವ ಕೆಲಸಗಳೂ ಬೇರೆಯೇ. ಒತ್ತಕ್ಷರ ಗುರುತಿಸುವ ಆಟ, ಕನ್ನಡ ಅಂಕಿ ಕಲಿಸುವ ಕ್ವಿಜ್, ತುಳು-ಕನ್ನಡ-ಮಲಯಾಳ ಪದಗಳ ಪಟ್ಟಿ... ಇಂಥವು ಹೆಚ್ಚಾಗಿ ಒಂದು ಪೆನ್‌ಡ್ರೈವಿನಲ್ಲಿ ಹುಟ್ಟಿ ಅದರಲ್ಲೇ ಸಾಯುತ್ತವೆ. ಹಾಗಾಗದಂತೆ ಅಂತರ್ಜಾಲದಲ್ಲಿ ಇಡಬೇಕು, ಬೇರೆ ಶಾಲೆಗಳಿಗೂ ಸಿಗಬೇಕು ಎನ್ನುವುದನ್ನು ಯಾರೂ ಅಲ್ಲಗಳೆಯುವುದಿಲ್ಲ. ಎಲ್ಲಿ ಇಡಬೇಕು ಎನ್ನುವುದೇ ಪ್ರಶ್ನೆ.

"ಎಲ್ಲಿ ಅಂದ್ರೆ? ಗಿಟ್‌ಹಬ್ ಇದೆಯಲ್ಲ!" ಅಂತ ಥಟ್ಟನೆ ಉತ್ತರ ಬರುತ್ತದೆ. ನನ್ನ ಅಭಿಪ್ರಾಯ ಬೇರೆ. ಗಿಟ್‌ಹಬ್ ನಮ್ಮ ಮಕ್ಕಳ ಕೆಲಸಕ್ಕೆ ಮೊದಲ ಮನೆ ಆಗಬಾರದು. ಯಾಕೆ ಅಂತ ಹೇಳುತ್ತೇನೆ, ಸ್ವಲ್ಪ ತಾಳ್ಮೆಯಿಂದ ಓದಿ.

ಮೊದಲು ಒಂದು ಗೊಂದಲ ಬಿಡಿಸಿಕೊಳ್ಳೋಣ. ಗಿಟ್ ಬೇರೆ, ಗಿಟ್‌ಹಬ್ ಬೇರೆ. ಗಿಟ್ ಎಂಬುದು ಲಿನಸ್ ಟೊರ್ವಾಲ್ಡ್ಸ್ 2005ರಲ್ಲಿ ಬರೆದ ಮುಕ್ತ ತಂತ್ರಾಂಶ. ಕೋಡಿನಲ್ಲಿ ಯಾರು, ಯಾವಾಗ, ಏನು ಬದಲಾಯಿಸಿದರು ಎಂದು ದಾಖಲಿಸುವ ಪುಸ್ತಕ ಇದ್ದ ಹಾಗೆ. ಗಿಟ್‌ಹಬ್ 2008ರಲ್ಲಿ ಶುರುವಾದ ಒಂದು ತಾಣ. ಆ ಪುಸ್ತಕವನ್ನು ತನ್ನ ಕಪಾಟಿನಲ್ಲಿಟ್ಟು ನಾಲ್ಕು ಜನರಿಗೆ ಕಾಣುವಂತೆ ಮಾಡುವುದು ಅದರ ಕೆಲಸ. ಪುಸ್ತಕ ನಮ್ಮದು, ಕಪಾಟು ಅವರದು. 2018ರಲ್ಲಿ ಮೈಕ್ರೋಸಾಫ್ಟ್ ಆ ಕಪಾಟನ್ನು 750 ಕೋಟಿ ಡಾಲರ್ ಬೆಲೆಗೆ ಕೊಂಡುಕೊಂಡಿತು.

ಇನ್ನು ಲೈಸೆನ್ಸ್. ಮುಕ್ತ ತಂತ್ರಾಂಶ ಎಂದರೆ ಹೇಳುವವರು ಕೇಳುವವರು ಇಲ್ಲದ ಆಸ್ತಿ ಅಲ್ಲ. ಎಂಐಟಿ ಲೈಸೆನ್ಸ್ ಹೇಳುವುದು ಇಷ್ಟೇ: ಬೇಕಾದ ಹಾಗೆ ಬಳಸಿ, ಬರೆದವರ ಹೆಸರೂ ಈ ಲೈಸೆನ್ಸೂ ಜೊತೆಗಿರಲಿ. ರಿಚರ್ಡ್ ಸ್ಟಾಲ್‌ಮನ್ 1989ರಲ್ಲಿ ತಂದ ಜಿಪಿಎಲ್ ಇನ್ನೊಂದು ಹೆಜ್ಜೆ ಮುಂದೆ ಹೋಗುತ್ತದೆ. ನಿಮಗೆ ಸಿಕ್ಕಿದ ಸ್ವಾತಂತ್ರ್ಯವನ್ನು ಮುಂದಿನವರಿಗೂ ಹಾಗೇ ದಾಟಿಸಬೇಕು ಎಂದು ಷರತ್ತು ಹಾಕುತ್ತದೆ. ಇದೆಲ್ಲ ಅಮೆರಿಕದ ಮಾತು ಎಂದುಕೊಳ್ಳಬೇಡಿ. ಕೇರಳದ ಶಾಲೆಗಳ ಲ್ಯಾಬುಗಳಲ್ಲಿ ಓಡುವ ಗ್ನೂ/ಲಿನಕ್ಸ್ ನಿಂತಿರುವುದೇ ಈ ಷರತ್ತುಗಳ ಮೇಲೆ. ಭಾರತದ ಮುಕ್ತ ತಂತ್ರಾಂಶ ಪ್ರತಿಷ್ಠಾನಕ್ಕೆ 2001ರಲ್ಲಿ ತಿರುವನಂತಪುರದಲ್ಲೇ ಸ್ಟಾಲ್‌ಮನ್ ಚಾಲನೆ ಕೊಟ್ಟಿದ್ದರು. ಆಗಿನ ಐಟಿ@ಸ್ಕೂಲ್, 2017ರಿಂದ ಕೈಟ್, ಎರಡೂ ನಡೆದದ್ದು ಇದೇ ದಾರಿಯಲ್ಲಿ. ಅಂದರೆ ನಾವು ಈ ಷರತ್ತುಗಳ ಫಲ ಉಂಡವರು.

ಈಗ ಸಮಸ್ಯೆಗೆ ಬರೋಣ. 2021ರ ಜೂನ್‌ನಲ್ಲಿ ಗಿಟ್‌ಹಬ್ ಕೋಪೈಲಟ್ ಎಂಬ ಎಐ ಸಹಾಯಕನನ್ನು ಪರಿಚಯಿಸಿತು. ಒಂದೆರಡು ಸಾಲು ಬರೆದರೆ ಮುಂದಿನದನ್ನು ತಾನೇ ಬರೆದುಕೊಡುತ್ತದೆ. ಕಲಿತದ್ದು ಎಲ್ಲಿಂದ? ಜನ ಗಿಟ್‌ಹಬ್ಬಿನಲ್ಲಿ ಸಾರ್ವಜನಿಕವಾಗಿ ಇಟ್ಟಿದ್ದ ಕೋಡಿನಿಂದ. ಯಾರನ್ನಾದರೂ ಕೇಳಿದರಾ? ಇಲ್ಲ. 2022ರ ಜೂನ್‌ನಿಂದ ಅದನ್ನು ತಿಂಗಳ ಶುಲ್ಕಕ್ಕೆ ಮಾರತೊಡಗಿದರು.

"ಕಲಿತರೆ ತಪ್ಪೇನು, ನಾವೂ ಬೇರೆಯವರದ್ದನ್ನು ಓದಿಯೇ ಕಲಿತದ್ದಲ್ವಾ?" ಎಂದು ಕೇಳಬಹುದು. ನ್ಯಾಯವಾದ ಪ್ರಶ್ನೆ. ಆದರೆ ಓದಿ ಕಲಿಯುವುದಕ್ಕೂ ಬಾಯಿಪಾಠ ಒಪ್ಪಿಸುವುದಕ್ಕೂ ಇರುವ ವ್ಯತ್ಯಾಸ ಮೇಷ್ಟ್ರುಗಳಾದ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಕ್ವೇಕ್ 3 ಎಂಬ ಗೇಮಿನ ಕೋಡು 2005ರಲ್ಲಿ ಜಿಪಿಎಲ್ ಅಡಿ ಬಿಡುಗಡೆಯಾಗಿತ್ತು. ವರ್ಗಮೂಲಕ್ಕೆ ಸಂಬಂಧಿಸಿದ ಒಂದು ಲೆಕ್ಕವನ್ನು ಬಹಳ ಬೇಗ ಮಾಡುವ ತುಂಡೊಂದು ಅದರಲ್ಲಿದೆ, ಪ್ರೋಗ್ರಾಮರುಗಳ ನಡುವೆ ಬಹು ಪ್ರಸಿದ್ಧ. 2021ರಲ್ಲೇ ಕೋಪೈಲಟ್ ಆ ತುಂಡನ್ನು, ಮೂಲದವರು ಬರೆದಿದ್ದ ಬೈಗುಳದ ಟಿಪ್ಪಣಿ ಸಮೇತ, ಹಾಗೇ ಒಪ್ಪಿಸಿತು. ಸಾಲದ್ದಕ್ಕೆ ಸಂಬಂಧವೇ ಇಲ್ಲದ ಇನ್ನೊಂದು ಲೈಸೆನ್ಸನ್ನು ಅದಕ್ಕೆ ಅಂಟಿಸಿತು! ಸಾರ್ವಜನಿಕ ಕೋಡಿಗೆ ಹೋಲುವ ಉತ್ತರಗಳನ್ನು ತಡೆಯುವ ಜಾಲರಿಯೊಂದನ್ನು ಕಂಪೆನಿ ಆಮೇಲೆ ಸೇರಿಸಿದ್ದು ನಿಜ. ಆದರೆ ಒಪ್ಪಿಗೆಯ ಪ್ರಶ್ನೆ ಅಲ್ಲೇ ಉಳಿಯಿತು.

2022ರ ನವೆಂಬರಿನಲ್ಲಿ ಕೆಲವು ಪ್ರೋಗ್ರಾಮರುಗಳು ಗಿಟ್‌ಹಬ್, ಮೈಕ್ರೋಸಾಫ್ಟ್, ಓಪನ್‌ಎಐ ಮೇಲೆ ಕ್ಯಾಲಿಫೋರ್ನಿಯಾದ ಫೆಡರಲ್ ಕೋರ್ಟಿನಲ್ಲಿ ದಾವೆ ಹೂಡಿದರು. ಕೋರ್ಟು ಹೆಚ್ಚಿನ ಆರೋಪಗಳನ್ನು ತಳ್ಳಿಹಾಕಿತು. 2024ರಲ್ಲಿ ಲೈಸೆನ್ಸಿನ ಷರತ್ತು ಮುರಿದಿದ್ದಾರೆ ಎಂಬ ದೂರು ಮಾತ್ರ ಮುಂದುವರಿಯಲು ಬಿಟ್ಟಿತು. ಹಾಗಾಗಿ ಇದನ್ನು ಕಳ್ಳತನ ಎಂದು ನಾನು ಕರೆಯುವುದಿಲ್ಲ. ಆದರೆ ಕಾನೂನು ತಡೆಯದ್ದೆಲ್ಲ ಮರ್ಯಾದೆಯ ಕೆಲಸ ಎಂದು ಮಕ್ಕಳಿಗೆ ಹೇಳಿಕೊಡಲು ನನ್ನಿಂದಾಗದು.

ಹೆಸರು ಉಳಿದರೆಷ್ಟು ಬಿಟ್ಟರೆಷ್ಟು ಎನ್ನುವವರು ನಮ್ಮ ಕುಂಬಳೆಯ ಕಡೆ ಒಮ್ಮೆ ನೋಡಬೇಕು. ಯಕ್ಷಗಾನದ ರಾಮಾಯಣ ಪ್ರಸಂಗಗಳನ್ನು ಪಾರ್ತಿಸುಬ್ಬ ಬರೆದನೋ ಬೇರೆಯವರೋ ಎಂದು ವಿದ್ವಾಂಸರು ದಶಕಗಟ್ಟಲೆ ವಾದ ಮಾಡಿದರು. ಓಲೆಯಿಂದ ಓಲೆಗೆ, ಕೈಯಿಂದ ಕೈಗೆ ಪ್ರತಿಯಾಗುತ್ತ ಹೋದ ಕೃತಿಗಳಲ್ಲಿ ಹಾಡು ಉಳಿಯುತ್ತದೆ, ಹೆಸರು ಮಸುಕಾಗುತ್ತದೆ. ಆ ಕಾಲದಲ್ಲಿ ಬೇರೆ ದಾರಿ ಇರಲಿಲ್ಲ. ಈಗ ಇದೆ. ಲೈಸೆನ್ಸ್ ಹುಟ್ಟಿದ್ದೇ ಆ ದಾರಿಯಾಗಿ.

ಹಾಗಾದರೆ ಬೇರೆ ಮನೆ ಯಾವುದು? ಗಿಟ್‌ಲ್ಯಾಬ್ ಇದೆ. ನೆರೆಯ ಸ್ವತಂತ್ರ ಮಲಯಾಳಂ ಕಂಪ್ಯೂಟಿಂಗ್ ಬಳಗದವರು ತಮ್ಮ ಫಾಂಟುಗಳ ಕೋಡನ್ನು ಅಲ್ಲಿಟ್ಟಿದ್ದಾರೆ. ಒಳ್ಳೆಯ ತಾಣವೇ. ಆದರೆ ಅದೂ 2021ರಿಂದ ಶೇರುಪೇಟೆಯಲ್ಲಿರುವ ಕಂಪೆನಿ, ಅದಕ್ಕೂ ಮಾರಲು ಎಐ ಇದೆ. ನನ್ನ ಆಯ್ಕೆ ಕೋಡ್‌ಬರ್ಗ್. 2018ರಲ್ಲಿ ಬರ್ಲಿನ್‌ನಲ್ಲಿ ನೋಂದಾಯಿಸಿದ ಸಂಘ ಅದನ್ನು ನಡೆಸುತ್ತದೆ. ಶೇರುದಾರರಿಲ್ಲ, ಸದಸ್ಯರಿದ್ದಾರೆ, ಅವರಿಗೆ ಮತವಿದೆ. ಖರ್ಚು ನಡೆಯುವುದು ದೇಣಿಗೆ ಮತ್ತು ಸದಸ್ಯತ್ವ ಶುಲ್ಕದಿಂದ. ತಾಣವನ್ನು ನಡೆಸುವ ಫೋರ್ಜೆಯೋ ಎಂಬ ತಂತ್ರಾಂಶವೂ ಮುಕ್ತ. ಗಿಟ್‌ಹಬ್ ನಡೆಸುವ ತಂತ್ರಾಂಶ ಹಾಗಲ್ಲ, ಅದು ಗುಟ್ಟು! ನಮ್ಮೂರಿನ ಗ್ರಂಥಾಲಯ ಸಂಘದಲ್ಲಿ ವಾರ್ಷಿಕ ಸಭೆ, ಲೆಕ್ಕಪತ್ರ, ಪದಾಧಿಕಾರಿಗಳ ಚುನಾವಣೆ ಎಂದೆಲ್ಲ ಇರುತ್ತದಲ್ಲ, ಹೆಚ್ಚುಕಡಿಮೆ ಅದೇ ಜಾತಿ. 2025ರ ನವೆಂಬರಿನಲ್ಲಿ ಜಿಗ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ಬಳಗ ತನ್ನ ಮುಖ್ಯ ಕೋಡನ್ನೇ ಗಿಟ್‌ಹಬ್ಬಿನಿಂದ ಎತ್ತಿ ಇಲ್ಲಿಗೆ ತಂದಿತು. ಅಂದರೆ ಇದು ನಾಲ್ಕು ಹುಚ್ಚರ ತಾಣವಲ್ಲ.

ಇಲ್ಲಿ ಒಂದು ಮಾತನ್ನು ಮುಚ್ಚಿಡಬಾರದು. ಕೋಡ್‌ಬರ್ಗಿಗೆ ಹೋದ ಕೂಡಲೇ ಎಐ ಕಂಪೆನಿಗಳ ಕೈಗೆ ಕೋಡು ಸಿಗುವುದಿಲ್ಲ ಎಂದೇನಿಲ್ಲ. ಸಾರ್ವಜನಿಕ ಪುಟಗಳನ್ನು ಗೋರಿಕೊಂಡು ಹೋಗುವ ಯಂತ್ರಗಳು ಎಲ್ಲ ಕಡೆ ಬರುತ್ತವೆ. 2025ರಲ್ಲಿ ಅವುಗಳ ಹಾವಳಿಯಿಂದ ಕೋಡ್‌ಬರ್ಗ್, ಸೋರ್ಸ್‌ಹಟ್ ಮುಂತಾದ ಸಣ್ಣ ತಾಣಗಳು ಏದುಸಿರು ಬಿಟ್ಟವು. ಹಾಗಿದ್ದರೂ ಒಂದು ವ್ಯತ್ಯಾಸ ಉಂಟು. ಬೇಲಿ ಹಾರಿ ಬರುವವನು ಬೇರೆ, ಮನೆಯ ಯಜಮಾನನೇ ಪೆಟ್ಟಿಗೆ ತೆರೆಯುವುದು ಬೇರೆ. 2025ರ ಆಗಸ್ಟಿನಲ್ಲಿ ಗಿಟ್‌ಹಬ್ಬಿನ ಮುಖ್ಯಸ್ಥರು ಹುದ್ದೆ ಬಿಡುವುದಾಗಿ ಪ್ರಕಟಿಸಿದಾಗ ಸಂಸ್ಥೆಯನ್ನು ಮೈಕ್ರೋಸಾಫ್ಟಿನ ಎಐ ವಿಭಾಗದೊಳಗೆ ಸೇರಿಸಲಾಯಿತು. ಯಜಮಾನನ ಮನಸ್ಸು ಎತ್ತ ಇದೆ ಎಂದು ಇನ್ನು ಬಿಡಿಸಿ ಹೇಳಬೇಕೇ?

"ದೊಡ್ಡ ಕಂಪೆನಿಯಾದರೆ ಮುಚ್ಚಿಹೋಗುವ ಭಯವಿಲ್ಲ" ಎನ್ನುವವರಿಗೆ ಒಂದೆರಡು ನೆನಪು. ಗೂಗಲ್‌ಗಿಂತ ದೊಡ್ಡವರು ಯಾರು? ಅವರ ಗೂಗಲ್ ಕೋಡ್ 2016ರ ಜನವರಿಯಲ್ಲಿ ಬಾಗಿಲು ಹಾಕಿತು. 2019ರಲ್ಲಿ ಅಮೆರಿಕದ ನಿರ್ಬಂಧದ ಕಾರಣ ಇರಾನ್, ಸಿರಿಯಾ, ಕ್ರಿಮಿಯಾದ ಬಳಕೆದಾರರ ಖಾತೆಗಳಿಗೆ ಗಿಟ್‌ಹಬ್ ಕಡಿವಾಣ ಹಾಕಿತು. ಎಲ್ಲೋ ಯಾರೋ ಎಳೆದ ಗೆರೆಯಿಂದ ಸಾಮಾನ್ಯರ ಬದುಕು ಹೇಗೆ ಬದಲಾಗುತ್ತದೆ ಎಂದು ಗಡಿಯವರಾದ ನಮಗೆ ಚೆನ್ನಾಗಿ ಗೊತ್ತು. ಅದಕ್ಕೇ ಎಲ್ಲಿ ಇಟ್ಟರೂ ಪೂರ್ತಿ ಪ್ರತಿಯೊಂದು ಶಾಲೆಯ ಕಂಪ್ಯೂಟರಿನಲ್ಲಿ ಇರಲೇಬೇಕು. ಗಿಟ್‌ನಲ್ಲಿ ಇದಕ್ಕೆ ಒಂದೇ ಆಜ್ಞೆ ಸಾಕು.

ನನ್ನನ್ನು ಎಐ ವಿರೋಧಿ ಎಂದು ತಿಳಿಯಬೇಡಿ. ಕೇರಳದ 7ನೇ ತರಗತಿಯ ಐಸಿಟಿ ಪಠ್ಯದಲ್ಲಿ 2024ರಿಂದಲೇ ಎಐ ಪಾಠವಿದೆ. ಯಂತ್ರಕ್ಕೆ ಕನ್ನಡ ಬರಬೇಕು, ಚೆನ್ನಾಗಿಯೇ ಬರಬೇಕು. ನಾವೆಲ್ಲ ಪೆಟ್ಟಿಗೆಗೆ ಬೀಗ ಹಾಕಿ ಕೂತರೆ ನಷ್ಟ ಕನ್ನಡಕ್ಕೇ. ಆದರೆ ಕೇಳಿ ಪಡೆಯುವ ರೀತಿಯೂ ಒಂದಿದೆ. 2022ರಲ್ಲಿ ಬಿಗ್‌ಕೋಡ್ ಎಂಬ ಯೋಜನೆಯವರು ದಿ ಸ್ಟ್ಯಾಕ್ ಎಂಬ ಕೋಡ್ ಸಂಗ್ರಹ ಮಾಡಿದಾಗ ಉದಾರ ಲೈಸೆನ್ಸುಗಳ ಕೋಡನ್ನಷ್ಟೇ ಆರಿಸಿಕೊಂಡರು. "ನನ್ನದು ಬೇಡ" ಎಂದವರದ್ದನ್ನು ತೆಗೆದುಹಾಕುವ ವ್ಯವಸ್ಥೆಯನ್ನೂ ಮಾಡಿದರು. ಅದೂ ಪರಿಪೂರ್ಣವಲ್ಲ ನಿಜ, ಆದರೆ ಕೇಳಲು ಸಾಧ್ಯವೇ ಇಲ್ಲ ಎನ್ನುವ ವಾದ ಅಲ್ಲಿಗೆ ಬಿದ್ದುಹೋಯಿತು.

ಶಾಲೆಗಳು ಮಾಡಬೇಕಾದ್ದು ಇಷ್ಟು. ಮೊದಲನೆಯದಾಗಿ, ಲೈಸೆನ್ಸ್ ಬರೆಯದೆ ಯಾವುದನ್ನೂ ಹಾಕಬೇಡಿ. ಲೈಸೆನ್ಸ್ ಇಲ್ಲದ ಕೋಡಿನ ಎಲ್ಲ ಹಕ್ಕೂ ಬರೆದವರಲ್ಲೇ ಉಳಿಯುವುದರಿಂದ ಪಕ್ಕದ ಶಾಲೆಯವರೂ ಅದನ್ನು ಕಾನೂನುಬದ್ಧವಾಗಿ ಬಳಸುವಂತಿಲ್ಲ. ಪ್ರೋಗ್ರಾಮಿಗೆ ಜಿಪಿಎಲ್ 3, ಪದಪಟ್ಟಿ, ಚಿತ್ರ, ಧ್ವನಿಗಳಿಗೆ ವಿಕಿಪೀಡಿಯ ಬಳಸುವಂಥ ಕ್ರಿಯೇಟಿವ್ ಕಾಮನ್ಸ್ ಲೈಸೆನ್ಸ್ ಸಾಕು. ಎರಡನೆಯದು, ಖಾತೆ ಘಟಕದ ಶಿಕ್ಷಕರ ಹೆಸರಿನಲ್ಲಿರಲಿ. ಮಕ್ಕಳ ಹೆಸರು, ಫೋಟೋ, ಇಮೇಲ್ ಬೇಡ. 2023ರ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ 18 ತುಂಬುವವರೆಗೆ ಅವರು ಮಕ್ಕಳೇ. ಕರ್ತೃವಿನ ಜಾಗದಲ್ಲಿ ಶಾಲೆಯ ಘಟಕ ಮತ್ತು ವರ್ಷ ಬರೆದರೆ ಗೌರವವೂ ಉಳಿಯುತ್ತದೆ, ಗುಟ್ಟೂ ಉಳಿಯುತ್ತದೆ. ಮೂರನೆಯದು, ಗಿಟ್‌ಹಬ್ಬಿನಲ್ಲೇ ಹುಡುಕುವವರಿಗಾಗಿ ಅಲ್ಲಿ ವಿಳಾಸದ ಒಂದು ಪುಟ ಮಾತ್ರ ಇರಲಿ: "ನಮ್ಮ ಕೆಲಸ ಇಂಥ ಕಡೆ ಇದೆ, ಬನ್ನಿ."

ಇದರಿಂದ ಮೈಕ್ರೋಸಾಫ್ಟಿಗೆ ನಷ್ಟವೇನೂ ಆಗದು. ಅವರನ್ನು ಮಣಿಸುವುದು ನನ್ನ ಉದ್ದೇಶವೂ ಅಲ್ಲ. ಇನ್ನೊಬ್ಬರ ಶ್ರಮ ಬಳಸುವ ಮೊದಲು ಅವರ ಷರತ್ತು ಏನೆಂದು ಓದಬೇಕು, ನಮ್ಮ ಶ್ರಮಕ್ಕೂ ಷರತ್ತು ಹಾಕುವ ಹಕ್ಕು ನಮಗಿದೆ ಎನ್ನುವುದು 14 ವರ್ಷದ ಹುಡುಗಿಗೆ ಅರ್ಥವಾದರೆ ಅದು ಯಾವ ಪ್ರೋಗ್ರಾಮಿಂಗ್ ಪಾಠಕ್ಕಿಂತಲೂ ದೊಡ್ಡದು. ನಿಮ್ಮ ಶಾಲೆಯ ಮುಂದಿನ ಘಟಕ ಸಭೆಯಲ್ಲಿ ಈ ವಿಷಯ ಎತ್ತಿ ನೋಡಿ. ಮಕ್ಕಳನ್ನೂ ಕೂರಿಸಿಕೊಳ್ಳಿ, ಕೋಡು ಅವರದ್ದು ತಾನೇ?