ಹೆಸರು ಒಂದೇ, ಅಕ್ಷರ ಬೇರೆ ಬೇರೆ



ನಮ್ಮೂರನ್ನು ಹಳೆಯ ಕನ್ನಡಿಗರು ಪೆನುಗೊಂಡೆ ಎನ್ನುತ್ತಾರೆ. ಸರ್ಕಾರಿ ದಾಖಲೆಯಲ್ಲಿ ಅದು ಪೆನುಕೊಂಡ. ಎರಡೂ ಒಂದೇ ಊರೆಂದು ಚಿಕ್ಕ ಮಗುವೂ ಹೇಳೀತು. ಕಂಪ್ಯೂಟರಿಗೆ ಮಾತ್ರ ಅವು ಎರಡು ಊರು. ನಮ್ಮ ಮಕ್ಕಳ ಹೆಸರಿಗೂ ಈಗ ಇದೇ ಗತಿ ಬಂದಿದೆ.

ಶಾಲಾ ಮಕ್ಕಳ ವಿವರಗಳು ಯು-ಡೈಸ್ ಪ್ಲಸ್ ಎಂಬ ಗಣಕ ದಾಖಲೆಯಲ್ಲಿವೆ. ಅಪಾರ್ ಎಂಬ 12 ಅಂಕಿಯ ವಿದ್ಯಾರ್ಥಿ ಸಂಖ್ಯೆ ಸಿಗಬೇಕಾದರೆ ಅಲ್ಲಿನ ಹೆಸರು, ಹುಟ್ಟಿದ ತಾರೀಖು, ಲಿಂಗ ಇವು ಆಧಾರ್‌ನೊಂದಿಗೆ ಹೊಂದಬೇಕು. ದೂರದ ಸರ್ವರ್ ಮಗುವಿನ ಮುಖ ನೋಡುವುದಿಲ್ಲ, ಬರೆದದ್ದನ್ನು ತಾಳೆ ನೋಡುತ್ತದೆ.

ನಮ್ಮ ಮಕ್ಕಳ ಹೆಸರು ಶಾಲೆಯಲ್ಲಿ ಕನ್ನಡದಲ್ಲಿ, ಕಚೇರಿಯಲ್ಲಿ ತೆಲುಗಿನಲ್ಲಿ, ಕಂಪ್ಯೂಟರಿನಲ್ಲಿ ಇಂಗ್ಲಿಷಿನಲ್ಲಿ. 'ಲಕ್ಷ್ಮಿ'ಯನ್ನು ಒಬ್ಬರು 'ಎಕ್ಸ್' ಹಾಕಿ ಬರೆದರೆ, ಇನ್ನೊಬ್ಬರು 'ಕೆ ಎಸ್ ಎಚ್' ಹಾಕುತ್ತಾರೆ. 'ಮಂಜುನಾಥ'ನ ಕೊನೆಯ 'ಎ' ಒಂದು ಕಡೆ ಇದ್ದು ಇನ್ನೊಂದು ಕಡೆ ಬಿಟ್ಟುಹೋಗುತ್ತದೆ. ತೆಲುಗಿನವರಲ್ಲಿ ಮನೆತನದ ಹೆಸರು ಮೊದಲು ಬರುವುದು ರೂಢಿ. ನಮ್ಮಲ್ಲಿ ಅನೇಕರಿಗೆ ತಂದೆಯ ಹೆಸರಿನ ಮೊದಲಕ್ಷರ ಮಾತ್ರ. ಇದರಲ್ಲಿ ಮಗುವಿನ ತಪ್ಪೇನೂ ಇಲ್ಲ.

'ಆಗುತ್ತಿಲ್ಲ, ನಾಳೆ ಬನ್ನಿ' ಎಂದರೆ ಸುಮ್ಮನೆ ಹಿಂದಿರುಗಬೇಡಿ. ಒಂದು ಪ್ರಶ್ನೆ ಕೇಳಿ: ಎಲ್ಲ ಮಕ್ಕಳಿಗೂ ಆಗುತ್ತಿಲ್ಲವೇ, ನಮ್ಮ ಮಗುವಿಗೆ ಮಾತ್ರವೇ? ಯಾರಿಗೂ ಆಗದಿದ್ದರೆ ದೋಷ ಬಹುಮಟ್ಟಿಗೆ ಸರ್ವರಿನದೋ, ನೆಟ್‌ವರ್ಕಿನದೋ, ಶಾಲೆಯ ಪಾಸ್‌ವರ್ಡಿನದೋ ಆಗಿರುತ್ತದೆ. ನೀವು ಕೂಲಿ ಬಿಟ್ಟು ಅಲೆಯುವ ಕಾರಣವಿಲ್ಲ. ನಿಮ್ಮ ಮಗುವಿಗೆ ಮಾತ್ರ ಆಗದಿದ್ದರೆ ಜನನ ಪತ್ರ, ದಾಖಲಾತಿ ಪುಸ್ತಕ, ಆಧಾರ್ ಮೂರನ್ನೂ ಪಕ್ಕಪಕ್ಕ ಇಟ್ಟು ಒಂದೊಂದೇ ಅಕ್ಷರ ಓದಿಸಿ. ಯಾವುದು ತಪ್ಪೆಂದು ತಿಳಿಯದೆ ಆಧಾರ್ ತಿದ್ದಿಸಲು ಓಡಬೇಡಿ. ಅದರಲ್ಲಿ ಹೆಸರು ಬದಲಿಸಲು ಸಾಮಾನ್ಯವಾಗಿ ಎರಡೇ ಅವಕಾಶ. ತಪ್ಪು ಶಾಲೆಯ ನಮೂದಿನಲ್ಲಿದ್ದರೆ ಅಲ್ಲಿಯೇ ತಿದ್ದಬೇಕು.

ಆದರೆ ಈ ಭಾರವನ್ನೆಲ್ಲ ಪೋಷಕರ ಹೆಗಲಿಗೇ ಹಾಕುವುದು ನ್ಯಾಯವೇ? ಕನ್ನಡ ಶಾಲೆಯ ಮಗುವಿನ ಹೆಸರನ್ನು ಕಂಪ್ಯೂಟರಿಗೆ ಸೇರಿಸುವ ಮುನ್ನ, ಕನ್ನಡ ಬಲ್ಲ ಶಿಕ್ಷಕರು ಅದನ್ನು ತಂದೆತಾಯಿಗೆ ಓದಿಹೇಳಿ ಸಹಿ ಪಡೆಯಬೇಕು. ನಮೂದಿನಲ್ಲಿ ಕನ್ನಡ ಲಿಪಿಗೂ ಒಂದು ಅಂಕಣ ಇರಬೇಕು. 2022ರಲ್ಲಿ ಜಿಲ್ಲೆ ಒಡೆದ ಮೇಲೆ ಪೆನುಕೊಂಡ, ಹಿಂದೂಪುರ ಶ್ರೀ ಸತ್ಯಸಾಯಿ ಜಿಲ್ಲೆಗೆ ಬಂದವು, ಕಲ್ಯಾಣದುರ್ಗ ಅನಂತಪುರದಲ್ಲೇ ಉಳಿಯಿತು. ಆದ್ದರಿಂದ ಎರಡೂ ಜಿಲ್ಲೆಗಳ ಶಿಕ್ಷಣಾಧಿಕಾರಿಗಳಿಗೆ ಈ ಬೇಡಿಕೆ ಸಲ್ಲಬೇಕು.

ಅರ್ಜಿಯನ್ನು ಕನ್ನಡದಲ್ಲೇ ಬರೆಯಿರಿ. ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಅಹವಾಲು ಸಲ್ಲಿಸುವ ಹಕ್ಕನ್ನು ಸಂವಿಧಾನದ 350ನೇ ವಿಧಿ ಕೊಟ್ಟಿದೆ. ಮಾತೃಭಾಷೆಯಲ್ಲಿ ಪ್ರಾಥಮಿಕ ಶಿಕ್ಷಣಕ್ಕೆ ಸೌಲಭ್ಯ ಒದಗಿಸಬೇಕೆಂಬ 350ಎ ವಿಧಿ 1956ರಲ್ಲಿ ಸೇರಿತು. ಕನ್ನಡದಲ್ಲಿ ಓದುವ ಮಗು ತನ್ನ ಹೆಸರಿಗಾಗಿಯೇ ಪಟ್ಟಿಯಿಂದ ಹೊರಗುಳಿದರೆ ಆ ಸೌಲಭ್ಯಕ್ಕೆ ಏನು ಬೆಲೆ? ಈ ವಾರವೇ ಮೂರು ದಾಖಲೆಗಳನ್ನೂ ತೆಗೆದು ನೋಡಿ. ವ್ಯತ್ಯಾಸ ಕಂಡವರೆಲ್ಲ ಒಟ್ಟಾಗಿ ಮುಖ್ಯೋಪಾಧ್ಯಾಯರ ಬಳಿ ಹೋಗಿ. ಅರ್ಜಿಗೆ ಸ್ವೀಕೃತಿ ಪಡೆಯದೆ ಬರಬೇಡಿ.