ಸಂಕಮ್ಮನ ಸಾಲೂ ಟಿ.ವಿ.ಯ ರಕ್ತವೂ

ಧಾರಾವಾಹಿಯಲ್ಲಿ ರಕ್ತ ಕಂಡೊಡನೆ ಟಿ.ವಿ. ಆರಿಸುವ ಪಾಲಕರೇ, ನಮ್ಮ ಕೊಳ್ಳೇಗಾಲ, ಹನೂರು, ಯಳಂದೂರು ಸೀಮೆಯ ಕಂಸಾಳೆಯವರು ಹಾಡುವ ಸಂಕಮ್ಮನ ಸಾಲು ಕೇಳಿದ್ದೀರಲ್ಲ? ಕಾಡಿಗೆ ಹೊರಟ ಗಂಡ ನೀಲೇಗೌಡ, ಬಲಗೈ ಭಾಷೆ ಕೊಡಲಿಲ್ಲವೆಂದು ಅವಳಿಗೆ ಕೊಡುವ ಹಿಂಸೆ ಯಾವ ಧಾರಾವಾಹಿಗೂ ಕಡಿಮೆಯಿಲ್ಲ. ಆದರೆ ಅಲ್ಲಿ ಮರುಕವೆಲ್ಲ ಸಂಕಮ್ಮನ ಪಾಲಿಗೆ. ಕೇಳುವಾಗ ಪಕ್ಕದಲ್ಲಿ ಅಜ್ಜಿಯೂ ಇರುತ್ತಿದ್ದಳು. ಮೊಬೈಲಿನ ಮುಂದೆ ಹುಡುಗ ಒಬ್ಬನೇ.

‘ಥರ್ಟೀನ್ ರೀಸನ್ಸ್ ವೈ’ (2017) ನೊಂದ ಹುಡುಗಿಯ ಆತ್ಮಹತ್ಯೆಯನ್ನು ಬಿಡಿಸಿ ತೋರಿಸಿತು. ಟೀಕೆಗಳ ನಂತರ 2019ರಲ್ಲಿ ನೆಟ್‌ಫ್ಲಿಕ್ಸ್ ಆ ದೃಶ್ಯವನ್ನು ಕತ್ತರಿಸಿತು. 2025ರ ‘ಅಡೋಲೆಸೆನ್ಸ್’ನಲ್ಲಿ ಶಾಲೆಯ ಹುಡುಗಿಯನ್ನು ಕೊಂದವನು ಹದಿಮೂರರ ಬಾಲಕ. ರಕ್ತ ತೋರಿಸಿದ್ದು ಕಡಿಮೆ, ಮನಸ್ಸು ತೋರಿಸಿದ್ದು ಹೆಚ್ಚು; ಇದೇ ಸರಿ ಎನ್ನುತ್ತೇನೆ. ಅವನ ಮೇಲೆ ಕನಿಕರ ಹುಟ್ಟಿದರೆ ಹುಟ್ಟಲಿ. ಸತ್ತ ಹುಡುಗಿಯ ಹೆಸರೇನೆಂದು ಮಾತ್ರ ಮಗನನ್ನೊಮ್ಮೆ ಕೇಳಿ ನೋಡಿ.