ಗಣಿಯ ಕಾವಲು ಮತ್ತು ರಾಜತಂತ್ರದ ಧರ್ಮ

ತನ್ನ ಪ್ರಜೆಗಳು ಯಾವ ದೇಶದಲ್ಲಿಯೇ ಬಂಡವಾಳ ಹೂಡಿರಲಿ, ಅದಕ್ಕೆ ವಿಪತ್ತು ಒದಗಿದಾಗ ಅದರ ರಕ್ಷಣೆಗೆ ನಿಲ್ಲುವುದೇ ರಾಯಭಾರದ ಪ್ರಥಮ ಕರ್ತವ್ಯವೆಂಬ ಅಭಿಪ್ರಾಯವು ಈಚೆಗೆ ಎಷ್ಟು ಬೇರೂರಿದೆಯೆಂದರೆ, ಅದನ್ನು ಪ್ರಶ್ನಿಸುವವನನ್ನು ಲೋಕವ್ಯವಹಾರ ತಿಳಿಯದವನೆಂದು ಎಣಿಸುತ್ತಾರೆ. ಸರಕಿನ ಹಡಗಿಗೆ, ಬಟ್ಟೆಯ ಗಿರಣಿಗೆ ಈ ಮಾತು ಸಲ್ಲಬಹುದು. ಆದರೆ ಮೂಲನಿವಾಸಿಗಳ ನೆಲವನ್ನೇ ಅಗೆದು ನಡೆಯುವ ಗಣಿಯ ವಿರುದ್ಧ ಆ ಜನರೇ ಎದ್ದು ನಿಂತಾಗ ಇದು ಸಲ್ಲದೆಂದೂ, ಸಲ್ಲಿಸಹೊರಟ ರಾಜ್ಯವು ಜನರ ವಿಶ್ವಾಸವನ್ನಷ್ಟೇ ಅಲ್ಲದೆ ಗಣಿಯನ್ನೂ ಕಳೆದುಕೊಳ್ಳುವುದೆಂದೂ ನನ್ನ ದೃಢವಾದ ನಂಬಿಕೆ. ಪಪುವಾ ನ್ಯೂಗಿನಿಗೆ ಸೇರಿದ ಬೂಗನ್‌ವಿಲ್ ದ್ವೀಪದ ಪಂಗೂನಾ ತಾಮ್ರದ ಗಣಿಗಿಂತ ಸ್ಪಷ್ಟವಾದ ನಿದರ್ಶನವನ್ನು ನಾನು ಕಾಣೆ.

ರಿಯೊ ಟಿಂಟೊ ಎಂಬ ಗಣಿ ಕಂಪನಿಯ ಆಸ್ಟ್ರೇಲಿಯ ಶಾಖೆಯು ಅಲ್ಲಿ 1964ರಲ್ಲಿ ಅದಿರಿನ ಶೋಧಕ್ಕೆ ತೊಡಗಿದಾಗ ಪಪುವಾ ನ್ಯೂಗಿನಿಯನ್ನು ಆಳುತ್ತಿದ್ದುದು ಆಸ್ಟ್ರೇಲಿಯವೇ. ಭೂಗರ್ಭದ ಖನಿಜವೆಲ್ಲ ಸರ್ಕಾರದ ಸ್ವತ್ತೆಂಬ ತತ್ತ್ವವನ್ನು ಹಿಡಿದು 1967ರ ಒಪ್ಪಂದವಾಯಿತು. ನೆಲದ ಒಡೆಯರ ಸಮ್ಮತಿಯನ್ನು ಯಾರೂ ಪಡೆಯಲಿಲ್ಲ. ಪಂಗೂನಾದ ಸುತ್ತಣ ನಾಸಿಯೋಯಿ ಜನರಲ್ಲಿ ನೆಲದ ಹಕ್ಕು ತಾಯಿಯ ವಂಶದಿಂದ ಇಳಿದುಬರುವುದು. ಅಳಿಯಸಂತಾನವನ್ನು ಬಲ್ಲ ನಮ್ಮ ಕರಾವಳಿಯವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಗಂಡಸರೊಡನೆ ಗಂಡಸರು ಕುಳಿತು ಮಾತಾಡಿದರೆ ನೆಲದ ವಿಷಯ ಮುಗಿಯಿತೆಂದು ಭಾವಿಸಿದ ಅಧಿಕಾರಿಗಳಿಗೆ, ಹಕ್ಕುಳ್ಳವರು ಯಾರೆಂಬುದು 1969ರ ಆಗಸ್ಟ್‌ನಲ್ಲಿ, ಕರಾವಳಿಯ ರೊರೊವಾನಾದಲ್ಲಿ, ಕಣ್ಣೆದುರಿಗೆ ಬಂದಿತು. ಬಂದರಿಗಾಗಿ ಮೋಜಣಿದಾರರು ನೆಟ್ಟ ಗುರುತುಕಲ್ಲನ್ನು ಕೀಳಲು ಮುಂದೆ ಬಂದವರು ಹೆಂಗಸರು. ಅವರ ಮೇಲೆ ಲಾಠಿ ಬೀಸಲಾಯಿತು, ಅಶ್ರುವಾಯು ಹರಿಯಿತು. ಆ ಚಿತ್ರಗಳು ಪತ್ರಿಕೆಗಳಲ್ಲಿ ಅಚ್ಚಾದಾಗ ಆಸ್ಟ್ರೇಲಿಯದ ಜನತೆಯೇ ನಾಚಿತು. ಆದರೂ ಕೆಲಸ ನಿಲ್ಲಲಿಲ್ಲ; 1972ರಲ್ಲಿ ಉತ್ಪಾದನೆ ಆರಂಭವಾಯಿತು. 1975ರಲ್ಲಿ ದೇಶ ಸ್ವತಂತ್ರವಾದಾಗ, ನಿನ್ನೆಯವರೆಗೆ ಆಡಳಿತವೆನಿಸಿಕೊಂಡಿದ್ದುದು ಅಂದಿನಿಂದ ರಾಜತಂತ್ರವೆನಿಸಿಕೊಂಡಿತು. ಗಣಿಗೂ ನೆಲದ ಜನಕ್ಕೂ ಇದ್ದ ಸಂಬಂಧ ಇದ್ದಂತೆಯೇ ಉಳಿಯಿತು.

ಪ್ರತಿಪಕ್ಷದಲ್ಲಿ ಗೌರವಾರ್ಹವಾದ ವಾದವೊಂದಿದೆ. ಹೊಸದಾಗಿ ಹುಟ್ಟಿದ, ನೂರಾರು ಭಾಷೆಗಳ, ಬಡ ದೇಶವೊಂದರ ರಫ್ತಿನ ಶೇ. 40ಕ್ಕೂ ಮಿಕ್ಕಿದ ಭಾಗ ಈ ಒಂದೇ ಗಣಿಯಿಂದ ಬರುತ್ತಿತ್ತು. ಶಾಲೆ, ಆಸ್ಪತ್ರೆ, ರಸ್ತೆಗಳು ಅದನ್ನೇ ನೆಚ್ಚಿದ್ದವು. ಗಣಿಯ ಫಲ ಒಂದು ಕಣಿವೆಯವರಿಗಲ್ಲದೆ ದೇಶಕ್ಕೆಲ್ಲ ಸೇರಬೇಕೆಂದು 1966ರಲ್ಲಿ ಆಸ್ಟ್ರೇಲಿಯದ ಸಚಿವ ಚಾರ್ಲ್ಸ್ ಬಾರ್ನ್ಸ್ ದ್ವೀಪದವರೆದುರಿಗೆ ಹೇಳಿದ ತತ್ತ್ವದಲ್ಲಿಯೂ ನ್ಯಾಯದ ಅಂಶವಿಲ್ಲದಿಲ್ಲ. ಆಸ್ಟ್ರೇಲಿಯದ ಸರ್ಕಾರವನ್ನು ಕಾಡಿದ್ದು ಕಂಪನಿಯ ಲಾಭದ ಚಿಂತೆಯೊಂದೇ ಅಲ್ಲ, ನೆರೆಯ ರಾಷ್ಟ್ರ ಒಡೆದುಹೋದೀತೆಂಬ ಭಯವೂ ಹೌದು ಎಂಬುದನ್ನು ಒಪ್ಪತಕ್ಕದ್ದು. ಆದರೆ ದೇಶಕ್ಕೆಲ್ಲ ಒಳಿತಾಗುವುದಾದರೆ ಅದರ ಬೆಲೆಯನ್ನೆಲ್ಲ ಒಂದೇ ಕಣಿವೆ ತೆರಬೇಕೆಂಬುದಕ್ಕೆ ಈ ವಾದದಲ್ಲಿ ಉತ್ತರವಿಲ್ಲ. ಶೇ. 1.25ರ ರಾಜಧನದಲ್ಲಿ ನೆಲದ ಒಡೆಯರಿಗೆ ಸಂದದ್ದು ಶೇ. 5 ಮಾತ್ರ, ಗಣಿಯ ಕೆಸರೆಲ್ಲ ಸೇರಿದ್ದು ಅವರ ಜಾಬಾ ನದಿಗೆ. ಇನ್ನು, ಕಾಡಿನ ಜನಕ್ಕೆ ಲೋಹದ ಬೆಲೆ ತಿಳಿಯದೆಂಬ ವಾದಕ್ಕೆ ನಾನು ಉತ್ತರ ಹೇಳಲಾರೆ.

1988ರ ಕೊನೆಯಲ್ಲಿ, ಹಿಂದೆ ಗಣಿಯಲ್ಲಿಯೇ ಕೆಲಸ ಮಾಡಿದ್ದ ಫ್ರಾನ್ಸಿಸ್ ಓನಾನ ನಾಯಕತ್ವದಲ್ಲಿ ದಂಗೆಯೆದ್ದವರು ಗಣಿಯ ವಿದ್ಯುತ್ ಕಂಬಗಳನ್ನು ಸ್ಫೋಟಿಸಿದರು. 1989ರ ಮೇ ತಿಂಗಳಿನಲ್ಲಿ ಗಣಿ ಮುಚ್ಚಿತು. ಆಗ ಆಸ್ಟ್ರೇಲಿಯ ಮಾಡಿದ್ದೇನು? ದಾಳಿಗೆ ಬಳಸಕೂಡದೆಂಬ ಷರತ್ತಿನೊಡನೆ ಪಪುವಾ ನ್ಯೂಗಿನಿಯ ಸೈನ್ಯಕ್ಕೆ ನಾಲ್ಕು ಇರೋಕ್ವಾ ಹೆಲಿಕಾಪ್ಟರ್‌ಗಳನ್ನು ಕೊಟ್ಟಿತು. ಹಳ್ಳಿಗಳನ್ನು ಸುಡುತ್ತಿದ್ದ ಸೈನ್ಯದ ಕೈಗೆ ಹೋದ ಯಂತ್ರಕ್ಕೆ ಕಾಗದದ ಷರತ್ತು ಎಂತಹ ಕಟ್ಟು! ಅವುಗಳಿಂದ ಗುಂಡು ಹಾರಿತು. 1990ರ ಫೆಬ್ರವರಿಯಲ್ಲಿ ಕೊಲೆಯಾದ ನಾಗರಿಕರ ಶವಗಳನ್ನು ಅವುಗಳಲ್ಲಿಯೇ ಒಯ್ದು ಕಡಲಿಗೆಸೆಯಲಾಯಿತು. ಅನಂತರ ಬಂದ ದಿಗ್ಬಂಧನದಲ್ಲಿ ಔಷಧವೂ ಇಲ್ಲದೆ ಸತ್ತವರೆಷ್ಟೋ. ಇಡೀ ಯುದ್ಧದಲ್ಲಿ ಮಡಿದವರು ಇಪ್ಪತ್ತು ಸಾವಿರದವರೆಗೂ ಇರಬಹುದೆಂಬ ಅಂದಾಜಿದೆ. ಷರತ್ತು ವಿಧಿಸಿದವರ ಅಂತಃಕರಣ ಶುದ್ಧವಾಗಿದ್ದಿರಬಹುದು. ಅಷ್ಟರಿಂದ ಕೊಟ್ಟವರ ಹೊಣೆ ಹರಿಯುವುದಿಲ್ಲ.

ಶಾಂತಿ ಮೂಡಿದ ಬಗೆಯನ್ನು ನೋಡಿದರೆ ನನ್ನ ಮಾತಿನ ಅರ್ಥ ಸ್ಫುಟವಾಗುವುದು. ಗಣಿಯನ್ನು ಮರಳಿ ಪಡೆಯಲು 1997ರಲ್ಲಿ ಪಪುವಾ ನ್ಯೂಗಿನಿಯ ಪ್ರಧಾನಿ ಜೂಲಿಯಸ್ ಚಾನ್ ಸ್ಯಾಂಡ್‌ಲೈನ್ ಎಂಬ ಸಂಸ್ಥೆಯ ಕೂಲಿಸೈನಿಕರನ್ನು ಕರೆಸಿದಾಗ ಅವರ ಸ್ವಂತ ಸೇನಾಪತಿಯೇ ತಿರುಗಿಬಿದ್ದನು. ಕೂಲಿಸೈನಿಕರನ್ನು ಕರೆಸಿದ್ದನ್ನು ಆಸ್ಟ್ರೇಲಿಯವೂ ವಿರೋಧಿಸಿತೆಂಬುದನ್ನು ಮರೆಯಲಾಗದು. ಆದರೆ ಅದೇ ವರ್ಷ ಎರಡು ಪಕ್ಷದವರೂ ಮಾತುಕತೆಗೆ ಹೋದದ್ದು ನ್ಯೂಜಿಲೆಂಡಿನ ಬರ್ನ್‌ಹ್ಯಾಮಿಗೆ. ಕದನವಿರಾಮವನ್ನು ನೋಡಿಕೊಳ್ಳಲು ಆ ದೇಶದ ಮುಂದಾಳುತನದಲ್ಲಿ ಬಂದವರು ನಿರಾಯುಧರು. ಗಣಿಯ ಪಕ್ಷಪಾತಿಯೆಂದು ದ್ವೀಪದವರು ಬಗೆದಿದ್ದ ರಾಜ್ಯಕ್ಕೆ ಆ ಮಧ್ಯಸ್ಥಿಕೆ ಸಾಧ್ಯವಿರಲಿಲ್ಲ. ಬೂಗನ್‌ವಿಲ್ಲಿನ ಹೆಂಗಸರು ಆ ಸಂಧಿಗಾಗಿ ಪಟ್ಟ ಪಾಡು ಯಾವ ರಾಯಭಾರಿಯ ಶ್ರಮಕ್ಕೂ ಕಡಿಮೆಯದಲ್ಲ.

ಗಣಿ ಇಂದಿಗೂ ತೆರೆದಿಲ್ಲ. 2016ರಲ್ಲಿ ರಿಯೊ ಟಿಂಟೊ, ಶತಕೋಟಿ ಟನ್ನಿಗೂ ಮಿಕ್ಕಿದ ತ್ಯಾಜ್ಯವನ್ನು ಹಾಗೆಯೇ ಉಳಿಸಿ, ತನ್ನ ಷೇರುಗಳನ್ನು ಬಿಟ್ಟುಕೊಟ್ಟು ಹೊರನಡೆಯಿತು. 2020ರಲ್ಲಿ 156 ಮಂದಿ ನಿವಾಸಿಗಳು ಆಸ್ಟ್ರೇಲಿಯ ಸರ್ಕಾರಕ್ಕೆ ದೂರು ಸಲ್ಲಿಸಿದ ಮೇಲೆಯೇ ಹಾನಿಯ ಪರಿಶೀಲನೆಗೆ ಹಣ ಕೊಡಲು ಕಂಪನಿ ಒಪ್ಪಿತು. ಪರಿಶೀಲನೆಯಿಂದ ನದಿ ತಿಳಿಯಾಗದು. ಬಂಡವಾಳಕ್ಕೆ ಕೇಡು ಬಂದಾಗ ನಾಲ್ಕು ಹೆಲಿಕಾಪ್ಟರ್‌ಗಳನ್ನು ಕೊಡಬಲ್ಲ ರಾಜ್ಯವು, ಶುದ್ಧೀಕರಣದ ಪೂರ್ಣ ವೆಚ್ಚವನ್ನು ಕಂಪನಿಯಿಂದ ವಸೂಲು ಮಾಡಿಕೊಡುವುದನ್ನೂ ತನ್ನ ರಾಜತಂತ್ರದ ಕೆಲಸವೆಂದು ಬಗೆಯಬೇಕು. ಜಾಬಾ ದಂಡೆಯವರು ಅದನ್ನು ಕೇಳುವುದು ದಯೆಯೆಂದಲ್ಲ, ಸಲ್ಲಬೇಕಾದ ಬಾಕಿಯೆಂದು.